ಬರಿಗಾಲಲ್ಲಿ ಒಲಿಂಪಿಕ್ಸ್ ಆಡಿದ ಡಾಕ್ಟರ್ ಕ್ಯಾಪ್ಟನ್

ಕಡಲ ಬದಿಯ ಉಳ್ಳಾಲವೇ ಇರಲಿ, ಗೋಕಾಕ-ಮೂಡಲಗಿ ಕಡೆಯ ನಾಗನೂರವೇ ಇರಲಿ, ಸಂಜೆ ಮಕ್ಕಳು ಬರಿಗಾಲಲ್ಲಿ ಚೆಂಡಿನ ಹಿಂದೆ ಓಡುವುದು ನಮಗೆ ಹೊಸತಲ್ಲ. ಆದರೆ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ಸ್ ಫುಟ್ಬಾಲ್ ತಂಡದ ಹೆಚ್ಚಿನವರೂ ಹಾಗೇ ಬರಿಗಾಲಲ್ಲಿ ಆಡಿದ್ದರು ಅಂದರೆ ಈಗಿನ ಮಕ್ಕಳು ನಂಬಲಿಕ್ಕಿಲ್ಲ. ಆ ತಂಡದ ನಾಯಕ ತಾಲಿಮೆರೆನ್ ಆವೊ, ಫುಟ್ಬಾಲ್ ಲೋಕಕ್ಕೆ ಟಿ. ಆವೊ. ಅವರ ಬಗ್ಗೆ ನಾವಿವತ್ತು ನಾಲ್ಕು ಮಾತು ಹೇಳಲೇಬೇಕು.

ಆವೊ ಹುಟ್ಟಿದ್ದು 1918ರ ಜನವರಿ 28ರಂದು, ಈಗಿನ ನಾಗಾಲ್ಯಾಂಡ್‌ನ ಚಾಂಗ್ಕಿ ಗ್ರಾಮದಲ್ಲಿ. ತಂದೆ ಚರ್ಚಿನ ಪಾದ್ರಿ. 1935ರಲ್ಲಿ ಅವರು ಜ್ವರಕ್ಕೆ ತುತ್ತಾಗಿ ತೀರಿಹೋದರು. ಮಗ ಡಾಕ್ಟರ್ ಆಗಿ ತನ್ನ ಜನರ ಸೇವೆ ಮಾಡಬೇಕು ಅನ್ನುವುದು ಅವರ ಕೊನೆಯ ಆಸೆಯಾಗಿತ್ತು. ಆ ಮಾತು ಹುಡುಗನ ಎದೆಯಲ್ಲಿ ಉಳಿದುಬಿಟ್ಟಿತು.

ಓದಿಗೆಂದು ಗುವಾಹಟಿಯ ಕಾಟನ್ ಕಾಲೇಜು ಸೇರಿದರು. ಅಲ್ಲಿನ ಮಹಾರಾಣಾ ಕ್ಲಬ್ಬಿಗೆ ಆಡಿ ಹೆಸರು ಮಾಡಿದರು. ನಂತರ ಕಲ್ಕತ್ತಾದ ಕಾರ್ಮೈಕಲ್ ಮೆಡಿಕಲ್ ಕಾಲೇಜು, ಅಂದರೆ ಇಂದಿನ ಆರ್.ಜಿ. ಕರ್. 1943ರಲ್ಲಿ ಮೋಹನ್ ಬಾಗಾನ್ ಕ್ಲಬ್ ಅವರನ್ನು ಕರೆಸಿಕೊಂಡಿತು. ಮೊದಲು ಮುನ್ನಡೆ ಆಟಗಾರನಾಗಿದ್ದ ಅವರನ್ನು ಕ್ಲಬ್ ಹಿಂದಕ್ಕೆ ತಂದು ರಕ್ಷಣೆಗೆ ನಿಲ್ಲಿಸಿತು. ಆಗಿನ ಆಟದಲ್ಲಿ ಇಬ್ಬರು ಬ್ಯಾಕ್, ಮೂವರು ಹಾಫ್ ಬ್ಯಾಕ್, ಐವರು ಫಾರ್ವರ್ಡ್. ನಡುವಿನ ಹಾಫ್ ಬ್ಯಾಕ್ ಅಂದರೆ ಎದುರಾಳಿ ದಾಳಿಯನ್ನು ಮುರಿಯುವವನೂ ಅವನೇ, ತನ್ನವರಿಗೆ ಚೆಂಡು ಹಂಚುವವನೂ ಅವನೇ. ಆ ಜಾಗ ಆವೊಗೆ ಸರಿಯಾಗಿ ಒಪ್ಪಿತು. ಕೆಲವೇ ವರ್ಷದಲ್ಲಿ ಕ್ಲಬ್ಬಿನ ನಾಯಕರೂ ಆದರು. ಹಗಲು ಆಸ್ಪತ್ರೆಯ ಪಾಠ, ಸಂಜೆ ಮೈದಾನ. ಎರಡನ್ನೂ ಬಿಡಲಿಲ್ಲ.

1948ರ ಲಂಡನ್ ಒಲಿಂಪಿಕ್ಸ್ ಬಂತು. ಉದ್ಘಾಟನೆಯ ಮೆರವಣಿಗೆಯಲ್ಲಿ ತ್ರಿವರ್ಣ ಧ್ವಜ ಹಿಡಿದು ಮುಂದೆ ನಡೆದದ್ದು ಇದೇ ಆವೊ. ಅವರ ತಂಡದಲ್ಲಿ ನಮ್ಮ ಕಡೆಯವರೂ ಇದ್ದರು ಗೊತ್ತುಂಟಾ? ಬೆಂಗಳೂರಿನ ಅಹ್ಮದ್ ಖಾನ್, ಧನರಾಜ್, ಮೈಸೂರು ತಂಡದ ರಾಮನ್, ಗೋಲ್‌ಕೀಪರ್ ವರದರಾಜ್.

ಜುಲೈ 31ರಂದು ಇಲ್‌ಫೋರ್ಡ್ ಮೈದಾನದಲ್ಲಿ ಫ್ರಾನ್ಸ್ ಎದುರು ಪಂದ್ಯ. ಫ್ರಾನ್ಸ್ ಮೊದಲು ಗೋಲು ಹೊಡೆಯಿತು, ರಾಮನ್ ಸಮ ಮಾಡಿದರು. ಎರಡು ಪೆನಾಲ್ಟಿ ಸಿಕ್ಕಿಯೂ ಗೋಲಾಗಲಿಲ್ಲ. ಕೊನೆಯ ಗಳಿಗೆಯಲ್ಲಿ ಫ್ರಾನ್ಸ್ ಇನ್ನೊಂದು ಹೊಡೆದು 2-1ರಿಂದ ಗೆದ್ದಿತು. ಸೋತರೂ ನೋಡಿದವರು ಈ ತಂಡವನ್ನು ಮೆಚ್ಚಿದರು. ಬೂಟು ಯಾಕೆ ಹಾಕಲಿಲ್ಲ ಅಂತ ಪತ್ರಕರ್ತರು ಕೇಳಿದಾಗ, ಇದು ಕಾಲಿನ ಆಟ, ಬೂಟಿನ ಆಟ ಅಲ್ಲವಲ್ಲ ಎಂಬರ್ಥದಲ್ಲಿ ಆವೊ ತಮಾಷೆ ಮಾಡಿದ್ದು ಇಂದಿಗೂ ಜನರ ಬಾಯಲ್ಲುಂಟು.

ಅದೇ ವರ್ಷ ಬೊಂಬಾಯಿಯ ರೋವರ್ಸ್ ಕಪ್ ಫೈನಲಿನಲ್ಲಿ ಅವರ ಕ್ಲಬ್ ಮೋಹನ್ ಬಾಗಾನನ್ನು 1-0ಯಿಂದ ಮಣಿಸಿದ್ದು ಯಾರು ಅಂತೀರಿ? ನಮ್ಮ ಬೆಂಗಳೂರು ಮುಸ್ಲಿಮ್ಸ್ ತಂಡ! 1937ರಲ್ಲೂ ಆ ಕಪ್ ಗೆದ್ದ ತಂಡವದು.

ಇಂಗ್ಲೆಂಡಿನ ಆರ್ಸೆನಲ್ ಕ್ಲಬ್ ಆವೊರನ್ನು ಕರೆದಿತ್ತು, ಓದು ಮುಗಿಸಬೇಕೆಂದು ಅವರು ಒಪ್ಪಲಿಲ್ಲ ಎಂಬ ಮಾತು ಪ್ರಚಲಿತದಲ್ಲಿದೆ. ಅದು ಹೇಗೂ ಇರಲಿ, ಮುಂದೆ ಅವರು ಹಿಡಿದ ದಾರಿ ಮಾತ್ರ ಸ್ಪಷ್ಟ. 1950ರಲ್ಲಿ ಎಂಬಿಬಿಎಸ್ ಮುಗಿಸಿದರು. ಕೆಲವು ವರ್ಷದಲ್ಲೇ ಕಲ್ಕತ್ತಾದ ಚಪ್ಪಾಳೆ ಬಿಟ್ಟು ಕೊಹಿಮಾಕ್ಕೆ ಹೋಗಿ ಸರಕಾರಿ ಡಾಕ್ಟರ್ ಆದರು. ಆಗ ಆ ಗುಡ್ಡಗಾಡಿನಲ್ಲಿ ಡಾಕ್ಟರರೇ ಅಪರೂಪ. 1963ರಲ್ಲಿ ನಾಗಾಲ್ಯಾಂಡ್ ರಾಜ್ಯವಾದಾಗ ಆರೋಗ್ಯ ಇಲಾಖೆಯ ನಿರ್ದೇಶಕರಾದರು, 1978ರಲ್ಲಿ ನಿವೃತ್ತರಾದರು.

1998ರ ಸೆಪ್ಟೆಂಬರ್ 13ರಂದು, 80ನೇ ವಯಸ್ಸಿನಲ್ಲಿ ತೀರಿಹೋದರು. 2018ರಲ್ಲಿ ಅವರ ನೂರನೇ ವರ್ಷಕ್ಕೆ ಅಂಚೆ ಇಲಾಖೆ ಚೀಟಿ ತಂದಿತು. ಈಶಾನ್ಯ ರಾಜ್ಯಗಳ ಒಂದು ಫುಟ್ಬಾಲ್ ಟ್ರೋಫಿಗೂ ಅವರದೇ ಹೆಸರು.

ಆಟವಾ, ಓದಾ ಅಂತ ನಮ್ಮ ಮನೆಗಳಲ್ಲಿ ಮಕ್ಕಳೊಂದಿಗೆ ಜಗಳ ಆಗುತ್ತಲೇ ಇರುತ್ತದೆ. ಮುಂದಿನ ಸಲ ಆ ಜಗಳ ಎದ್ದಾಗ ಆವೊರ ಕತೆ ಹೇಳಿ. ಮಕ್ಕಳಿಗೆ ಮಾತ್ರ ಅಲ್ಲ, ಮನೆಯ ಹಿರಿಯರಿಗೂ.