ಬೆಥನಿಯ ಸ್ಥಾಪಕ ಮೊನ್ಸಿಂಞೊರ್ ರೇಮಂಡ್ ಮಸ್ಕರೇನ್ಹಸ್

ದೇವಸೇವಕ ಮೊನ್ಸಿಂಞೊರ್ ರೇಮಂಡ್ ಮಸ್ಕರೇನ್ಹಸರು 1875ರ ಜನವರಿ 23ರಂದು ಶಿವಮೊಗ್ಗದಲ್ಲಿ ಜನಿಸಿ, 1900ರಲ್ಲಿ ಯಾಜಕದೀಕ್ಷೆ ಪಡೆದರು. ಮಂಗಳೂರಿನ ಬೆಂದೂರಿನಲ್ಲಿ ಧರ್ಮಗುರುಗಳಾಗಿದ್ದಾಗ, ಹಳ್ಳಿಯ ಬಡ ಹೆಣ್ಣುಮಕ್ಕಳು ಅಕ್ಷರವಂಚಿತರಾಗಿ ಬೆಳೆಯುವುದನ್ನು ಕಂಡು ಅವರ ಮನ ಮರುಗಿತು. ಪಟ್ಟಣದ ಶಾಲೆ ಆ ಮಕ್ಕಳಿಗೆ ಎಟುಕದಾಗಿತ್ತು. ಅವರಿದ್ದಲ್ಲಿಗೇ ಹೋಗುವ ಸೇವಕಿಯರು ಬೇಕಾಗಿದ್ದರು. 1921ರ ಜುಲೈ 16ರಂದು ನಾಲ್ವರು ಸ್ಥಳೀಯ ಭಗಿನಿಯರೊಡನೆ ಅವರು ಧರ್ಮಸಭೆಯೊಂದನ್ನು ಆರಂಭಿಸಿದರು. ಯೇಸುಸ್ವಾಮಿಯನ್ನು ಸತ್ಕರಿಸಿದ ಮಾರ್ತಾ, ಮರಿಯರ ಊರಾದ ಬೆಥನಿಯ ಹೆಸರನ್ನೇ ಅದಕ್ಕಿಟ್ಟರು. ಹಳ್ಳಿಶಾಲೆಗಳೊಂದಿಗೆ ಅನಾಥ ಮಕ್ಕಳ ಪಾಲನೆಯೂ ಭಗಿನಿಯರ ಕಾಯಕವಾಯಿತು. 1960ರ ಡಿಸೆಂಬರ್ 23ರಂದು ಅವರು ಪ್ರಭುವಿನ ಪಾದ ಸೇರಿದರು.

ಪುತ್ತೂರು, ಸುಳ್ಯ, ಕಡಬದ ಗುಡ್ಡಗಳ ಮರೆಯಲ್ಲಿ ಒಂಟಿಮನೆಗಳು ಇಂದಿಗೂ ಇವೆ. ಆಸರೆಯಿಲ್ಲದ ಕೂಸಿರುವ ಅಂಗಳಕ್ಕೆ ನಾವೇ ನಡೆದು ಹೋಗುವುದಾದರೆ, ಆ ಪುಣ್ಯಪುರುಷರನ್ನು ನಾವು ಸ್ಮರಿಸಿದ್ದು ಸಾರ್ಥಕ.