ರಕ್ತ ಕಮ್ಮಿ ಅಂದ್ರೆ ಮಾತ್ರೆ ಸಾಕಾ? ಸುಬ್ಬರಾವ್ ಬದುಕು ಹೇಳೋದು ಬೇರೆ

ಕಲಘಟಗಿ ತಾಲೂಕಿನ ದೇವಿಕೊಪ್ಪದಂಥ ಊರುಗಳಲ್ಲಿ ಬಸುರಿಯರಿಗೆ ಸರ್ಕಾರ ಕೊಡುವ ಕೆಂಪು ಮಾತ್ರೆಯಲ್ಲಿ ಕಬ್ಬಿಣದ ಜೊತೆ ಫೋಲಿಕ್ ಆಸಿಡ್ ಇರುತ್ತೆ. ಅದರ ಹಿಂದೆ ಯಲ್ಲಾಪ್ರಗಡ ಸುಬ್ಬರಾವ್ ಅವರ ದುಡಿಮೆ ಇದೆ.

ಹುಟ್ಟಿದ್ದು 1895, ಆಂಧ್ರದ ಭೀಮಾವರಂ. ರಕ್ತವನ್ನೂ ಬತ್ತಿಸುವ ಸ್ಪ್ರೂ ಎಂಬ ಕರುಳಿನ ಕಾಯಿಲೆ ಅವರ ಅಣ್ಣ, ತಮ್ಮ ಇಬ್ಬರನ್ನೂ ಕೆಲವೇ ದಿನಗಳ ಅಂತರದಲ್ಲಿ ಒಯ್ದಿತು. ಮದ್ರಾಸ್ ಮೆಡಿಕಲ್ ಕಾಲೇಜಿಗೆ ಖಾದಿ ತೊಟ್ಟು ಹೋಗಿದ್ದಕ್ಕೆ ಬ್ರಿಟಿಷ್ ಪ್ರೊಫೆಸರ್ ಸಿಟ್ಟಾದರು. ಎಂಬಿಬಿಎಸ್ ಬದಲು ಕೆಳಗಿನ ಎಲ್‌ಎಂಎಸ್ ಸಿಕ್ಕಿತು. 1923ರಲ್ಲಿ ಅಮೆರಿಕಕ್ಕೆ ಹೋದರು. 1945ರಲ್ಲಿ ಲೆಡರ್ಲೆ ಕಂಪನಿಯಲ್ಲಿ ಅವರ ತಂಡ ಫೋಲಿಕ್ ಆಸಿಡ್ ತಯಾರಿಸಿತು. ಸ್ಪ್ರೂ ರೋಗಿಗಳ ರಕ್ತಹೀನತೆಗೆ ಮದ್ದು ಬಂತು.

ಆದರೆ ರಕ್ತ ಕ್ಯಾನ್ಸರ್ ಬೆಳೆಯಲೂ ಅದೇ ವಿಟಮಿನ್ ಬೇಕು. ಅದನ್ನು ತಡೆಯುವ ಅಮಿನಾಪ್ಟರಿನ್ ಅನ್ನು ಇದೇ ತಂಡ ಬೋಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್‌ಗೆ ಕೊಟ್ಟಿತು. 1948ರ ಅವರ ವರದಿಯಲ್ಲಿ 16 ಮಕ್ಕಳ ಪೈಕಿ 10 ಮಂದಿ ಸ್ವಲ್ಪ ಕಾಲ ಚೇತರಿಸಿಕೊಂಡಿದ್ದರು. ಅದೇ ವರ್ಷ ಸುಬ್ಬರಾವ್ ತೀರಿಕೊಂಡರು, 53ನೇ ವಯಸ್ಸಿಗೆ. ನೊಬೆಲ್ ಬರಲಿಲ್ಲ.

ರಕ್ತ ಯಾಕೆ ಕಮ್ಮಿಯಾಯ್ತು ಅನ್ನೋದೇ ಅವರು ಬೆನ್ನುಹತ್ತಿದ ಪ್ರಶ್ನೆ. ಬಲಿತ ಕ್ಯಾನ್ಸರ್‌ನಲ್ಲಿ ಉರಿಯೂತದಿಂದ ಹೆಪ್ಸಿಡಿನ್ ಎಂಬ ಹಾರ್ಮೋನ್ ಏರುತ್ತೆ. ಮೈಯಲ್ಲಿರುವ ಕಬ್ಬಿಣ ಕೂಡಿಟ್ಟಲ್ಲೇ ಉಳಿಯುತ್ತೆ, ನುಂಗಿದ ಮಾತ್ರೆಯೂ ಸರಿಯಾಗಿ ಹತ್ತಲ್ಲ. ಫೆರಿಟಿನ್ ಒಂದನ್ನೇ ನೋಡಿದರೆ ಕಬ್ಬಿಣ ಸಾಕಷ್ಟಿದೆ ಅನ್ನಿಸಬಹುದು. ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಕೂಡ ನೋಡಬೇಕು. ಕೆಲವರಿಗೆ ನರದ ಮೂಲಕ ಕಬ್ಬಿಣ, ಕೆಲವರಿಗೆ ರಕ್ತವೇ ಬೇಕಾಗುತ್ತೆ.

ಕಾಯಿಲೆ ಬಲಿತಿದೆ, ಸುಸ್ತು ಇದ್ದದ್ದೇ ಅಂತ ಕೈಚೆಲ್ಲೋದು ಅನ್ಯಾಯ. ಕಾರಣ ಹುಡುಕುವ ಆ ಪರೀಕ್ಷೆ ದೇವಿಕೊಪ್ಪದ ರೋಗಿಗೂ ಸಿಗಬೇಕು.