ದಿವಾನ್ ರಂಗಾಚಾರ್ಲುರವರೂ ಬೊಕ್ಕಸದ ಲೆಕ್ಕವೂ

ಮೈಸೂರಿನ ಪುರಭವನವು ದಿವಾನ್ ರಂಗಾಚಾರ್ಲುರವರ ಸ್ಮಾರಕವೆಂಬುದನ್ನು ನಮ್ಮ ವಾಚಕರು ಬಲ್ಲರು. ಆ ಮಹನೀಯರು ಮೂಲತಃ ಲೆಕ್ಕಪತ್ರಗಳಲ್ಲಿ ಪಳಗಿದವರೆಂಬುದು ಮಾತ್ರ ಅಷ್ಟಾಗಿ ನೆನಪಿಗೆ ಬರುವುದಿಲ್ಲ.

1831ರಲ್ಲಿ ಚೆಂಗಲಪಟ್ಟು ಸೀಮೆಯಲ್ಲಿ ಜನಿಸಿದ ಇವರು ಮದರಾಸು ಸರ್ಕಾರದ ನೌಕರಿಗೆ ಸೇರಿ, ಕ್ರಮವಾಗಿ ಮೇಲೇರಿ, ಕಲ್ಲೀಕೋಟೆಯ ಖಜಾನೆಯಲ್ಲಿ ಡೆಪ್ಯುಟಿ ಕಲೆಕ್ಟರರಾದರು. 1868ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರವರು ದಿವಂಗತರಾಗಲು, ಅರಮನೆಯ ವ್ಯವಹಾರಗಳನ್ನು ಇತ್ಯರ್ಥಪಡಿಸುವುದಕ್ಕಾಗಿ ಇವರನ್ನು ಮೈಸೂರಿಗೆ ಕರೆಸಲಾಯಿತು. ಅರಮನೆಯ ಕಂಟ್ರೋಲರರಾಗಿ ಇವರು ಜಮಾಖರ್ಚನ್ನು ಒಂದು ಕಟ್ಟಿಗೆ ತಂದರು. 1874ರಲ್ಲಿ ಮೈಸೂರಿನ ಬ್ರಿಟಿಷ್ ಆಡಳಿತವನ್ನು ಕುರಿತು ಕಿರುಹೊತ್ತಗೆಯೊಂದನ್ನು ಬರೆದು, ಆ ಆಡಳಿತವು ಎಷ್ಟು ದುಬಾರಿಯೆಂಬುದನ್ನು ವಿಮರ್ಶಿಸಿದರು. ಅದೇ ಆಡಳಿತದ ಸೇವೆಯಲ್ಲಿದ್ದವರಿಗೆ ಇದು ಸಣ್ಣ ಧೈರ್ಯವಲ್ಲ.

1881ರ ಮಾರ್ಚ್ 25ರಂದು ಸಂಸ್ಥಾನವು ಚಾಮರಾಜೇಂದ್ರ ಒಡೆಯರವರ ಕೈಗೆ ಮರಳಿದಾಗ ಇವರೇ ದಿವಾನರಾದರು. 1876–78ರ ಘೋರ ಕ್ಷಾಮದಿಂದ ಪ್ರಜೆಗಳು ಬಡವಾಗಿದ್ದರು. ಬೊಕ್ಕಸದ ಮೇಲೆ 80 ಲಕ್ಷ ರೂಪಾಯಿಗಳ ಸಾಲದ ಹೊರೆಯಿತ್ತು. ಇಂಥ ವೇಳೆಯಲ್ಲಿ ಲೆಕ್ಕವನ್ನು ಮುಚ್ಚಿಡುವುದೇ ಅಧಿಕಾರಸ್ಥರ ವಾಡಿಕೆ. ರಂಗಾಚಾರ್ಲುರವರು ಅದಕ್ಕೆ ವಿರುದ್ಧವಾಗಿ ನಡೆದರು. ಆ ವರ್ಷದ ಅಕ್ಟೋಬರ್ 7ರಂದು ಪ್ರಥಮ ಪ್ರಜಾಪ್ರತಿನಿಧಿ ಸಭೆಯಲ್ಲಿ 144 ಮಂದಿ ರೈತರು, ವರ್ತಕರು ಮೊದಲಾದವರ ಎದುರಿಗೆ ಸಂಸ್ಥಾನದ ಆಯವ್ಯಯವನ್ನು ನಿವೇದಿಸಿದರು. ಹಾಗೆ ಒಪ್ಪಿಸಲೇಬೇಕೆಂದು ಅವರನ್ನು ನಿರ್ಬಂಧಿಸುವ ಶಾಸನಸಭೆ ಆಗ ಇರಲಿಲ್ಲ.

ಆ ಸಭೆಗೆ ಮತಾಧಿಕಾರವಿರಲಿಲ್ಲವೆಂಬುದು ದಿಟ. ಅವರ ಮಿತವ್ಯಯವೆಲ್ಲವೂ ಸರಿಯಾಗಿತ್ತೆಂದೂ ಹೇಳಲಾಗದು. ಖರ್ಚಿಳಿಸಲು ಹಾಸನ ಜಿಲ್ಲೆಯನ್ನು ರದ್ದುಮಾಡಿದ್ದು ನಿಲ್ಲಲಿಲ್ಲ, 1886ರಲ್ಲಿ ಅದನ್ನು ಪುನಃ ಸ್ಥಾಪಿಸಬೇಕಾಯಿತು. ಆದರೆ ಕಂದಾಯ ತೆತ್ತವನಿಗೆ ಲೆಕ್ಕ ಕೇಳುವ ಹಕ್ಕುಂಟೆಂಬ ತತ್ತ್ವವು ಒಮ್ಮೆ ಬೇರೂರಿದ ಮೇಲೆ ಅದನ್ನು ಕೀಳುವುದು ಯಾರಿಂದಲೂ ಆಗಲಿಲ್ಲ. 1883ರ ಜನವರಿಯಲ್ಲಿ ಅವರು ಮದರಾಸಿನಲ್ಲಿ ಕಾಲವಾದರು. ಅವರು ದಿವಾನಗಿರಿ ನಡೆಸಿದ್ದು ಎರಡು ವರ್ಷವೂ ತುಂಬಲಿಲ್ಲ.

ಈಗ ಸಂವಿಧಾನದ 151ನೆಯ ವಿಧಿಯ ಪ್ರಕಾರ ಮಹಾಲೇಖಪಾಲರ ವರದಿಯು ಶಾಸನಸಭೆಯ ಮುಂದೆ ಬರುತ್ತದೆ. ರಂಗಾಚಾರ್ಲುರವರು ಸ್ವಂತ ಇಚ್ಛೆಯಿಂದ ಮಾಡಿದುದನ್ನು ಇಂದು ಕಾನೂನೇ ವಿಧಿಸಿದೆ. ಆದರೆ ಓದುವವರಿಲ್ಲದ ವರದಿಯಿಂದ ಪ್ರಯೋಜನವೇನು? ಲೆಕ್ಕ ಬರೆಯುವ ಅಧಿಕಾರಿಯು ತಾನು ಪ್ರಜೆಯ ಹಣಕ್ಕೆ ಧರ್ಮದರ್ಶಿಯೆಂದು ತಿಳಿಯಬೇಕು. ಪ್ರಜೆಯೂ ಆ ಲೆಕ್ಕವನ್ನು ತನ್ನ ಮನೆಯ ಲೆಕ್ಕದಂತೆ ಕೇಳಬೇಕು. ಇವೆರಡೂ ಕೂಡಿದಲ್ಲದೆ ಬೊಕ್ಕಸಕ್ಕೆ ಭದ್ರತೆಯಿಲ್ಲವೆಂದು ನಮ್ಮ ದೃಢವಾದ ಅಭಿಪ್ರಾಯ.